ಮೊದಲು ದುಡ್ಡು, ಆಮೇಲೆ ಜನ, ಆಮೇಲೆ ಛತ್ರ: ಬೆಂಗಳೂರಿನಲ್ಲಿ ಮದುವೆ ಖರ್ಚಿನ ಲೆಕ್ಕ

ಬೆಂಗಳೂರಿನಲ್ಲಿ ಮದುವೆ ನಿಶ್ಚಯವಾದ ಮನೆಗೆ ಬಂದವರೆಲ್ಲ ಮೊದಲು ಕೇಳುವುದು ‘ಛತ್ರ ಸಿಕ್ತಾ?’ ಎಂದು. ಮುಹೂರ್ತಗಳು ಕಡಿಮೆ, ಛತ್ರಗಳಿಗೆ ಪೈಪೋಟಿ ಜಾಸ್ತಿ, ಹಾಗಾಗಿ ಮನೆಯವರು ಓಡಿಹೋಗಿ ಮುಂಗಡ ಕೊಟ್ಟು ಬರುತ್ತಾರೆ. ಛತ್ರ ದೊಡ್ಡದಿದೆಯಲ್ಲ ಎಂದು ಕರೆಯುವವರ ಪಟ್ಟಿ ಬೆಳೆಯುತ್ತದೆ. ಅಷ್ಟು ಜನ ಬರುತ್ತಾರಲ್ಲ ಎಂದು ಊಟಕ್ಕೆ ಎರಡು ಸಿಹಿ, ಮೂರು ಕೌಂಟರ್ ಸೇರುತ್ತವೆ. ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಯಾವುದನ್ನೂ ವಾಪಸ್ ತೆಗೆದುಕೊಳ್ಳುವ ಹಾಗಿರುವುದಿಲ್ಲ. ಈ ಕ್ರಮವನ್ನೇ ತಿರುವಿಹಾಕಬೇಕು. ಮೊದಲು ದುಡ್ಡು, ಅದಕ್ಕೆ ತಕ್ಕ ಜನ, ಆ ಜನಕ್ಕೆ ತಕ್ಕ ಛತ್ರ. ಹೀಗೆ ಹೊರಟರೆ ಮಧ್ಯಮ ವರ್ಗದ ಮನೆಯೂ ಈ ಊರಿನಲ್ಲಿ ಸಾಲವಿಲ್ಲದೆ ಚೆಂದದ ಮದುವೆ ಮಾಡಬಹುದು.

1. ಕೈಯಲ್ಲಿರುವ ಹಣವನ್ನು ಬರೆದಿಡಿ

ತಂದೆ-ತಾಯಿಯ ಉಳಿತಾಯ, ಮದುವೆಯಾಗುವವರ ಸ್ವಂತ ಉಳಿತಾಯ, ಮದುವೆಗೆ ಮೊದಲು ಅವಧಿ ಮುಗಿಯುವ ಎಫ್‌ಡಿ, ಎತ್ತಿದ ಚೀಟಿ, ಮನೆಯಲ್ಲಿರುವ ಹಳೆಯ ಚಿನ್ನ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ‘ಬಂದರೆ’ ಎನ್ನುವ ಹಣವನ್ನು ಸೇರಿಸಬೇಡಿ. ಸೈಟು ಮಾರಿದರೆ, ಬೋನಸ್ ಬಂದರೆ, ಚಿಕ್ಕಪ್ಪ ಕೊಟ್ಟರೆ ಎನ್ನುವುದೆಲ್ಲ ಲೆಕ್ಕದ ಹೊರಗಿರಲಿ. ಮುಯ್ಯಿಯೂ ಅಷ್ಟೇ. ಅದು ಬರುವುದು ಎಲ್ಲರ ಬಾಕಿ ಚುಕ್ತಾ ಮಾಡಿದ ಮೇಲೆ.

ಈ ಮೊತ್ತದಿಂದ ಮುಟ್ಟಬಾರದ ಹಣವನ್ನು ಕಳೆಯಿರಿ. ತಂದೆ-ತಾಯಿಯ ಪಿಎಫ್, ಆಸ್ಪತ್ರೆ ಖರ್ಚಿಗೆಂದು ಇಟ್ಟದ್ದು ಮದುವೆಗೆ ಬರಕೂಡದು. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಬಾಬ್ತು ಸೇರುತ್ತದೆ. ಹೊಸ ಜೋಡಿ ಬೇರೆ ಮನೆ ಮಾಡುವುದಾದರೆ ಮನೆ ಮಾಲೀಕರಿಗೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಡಬೇಕು, ಗ್ಯಾಸ್, ಫ್ರಿಜ್, ಮಂಚ ಕೊಳ್ಳಬೇಕು. ಮದುವೆ ಮುಗಿದ ಮರುವಾರವೇ ಬರುವ ಈ ಖರ್ಚನ್ನು ತುಂಬಾ ಮನೆಗಳು ಮರೆಯುತ್ತವೆ. ಅದನ್ನು ಈಗಲೇ ಎತ್ತಿಡಿ. ಉಳಿದದ್ದರಲ್ಲಿ ಹತ್ತನೇ ಒಂದು ಭಾಗವನ್ನು ಅನಿರೀಕ್ಷಿತ ಖರ್ಚಿಗೆಂದು ಬೇರೆ ಇಡಿ. ಮಿಕ್ಕಿದ್ದೇ ನಿಮ್ಮ ಬಜೆಟ್.

ಸಾಲದ ಬಗ್ಗೆ ನೇರವಾಗಿ ಹೇಳುತ್ತೇನೆ. 5 ಲಕ್ಷ ರೂಪಾಯಿ ಪರ್ಸನಲ್ ಲೋನನ್ನು ಶೇ. 14ರ ಬಡ್ಡಿಗೆ 5 ವರ್ಷಕ್ಕೆ ತೆಗೆದುಕೊಂಡರೆ ಕಂತು ತಿಂಗಳಿಗೆ ಸುಮಾರು 11,630 ರೂ. ಒಟ್ಟು ಕಟ್ಟುವುದು 6.98 ಲಕ್ಷ. ಒಂದು ರಾತ್ರಿಯ ರಿಸೆಪ್ಷನ್‌ಗಾಗಿ ಸುಮಾರು 2 ಲಕ್ಷ ಬಡ್ಡಿ. ಹೊಸ ಸಂಸಾರದ ಮೊದಲ ಐದು ವರ್ಷಗಳಲ್ಲಿ ಆ 11 ಸಾವಿರ ಏನೇನಕ್ಕೆ ಬೇಕಾಗುತ್ತದೆ ಎಂದು ಯೋಚಿಸಿ ನೋಡಿ. ಮದುವೆಯಲ್ಲಿ ಉಂಡು ಹೋದವರು ಯಾರೂ ಆ ಕಂತು ಕಟ್ಟಲು ಬರುವುದಿಲ್ಲ.

2. ಬೀಗರ ಜೊತೆ ಕೂತು ಮಾತಾಡಿ

ಇದು ಕಷ್ಟದ ಹೆಜ್ಜೆ, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಾವ ಖರ್ಚು ಯಾರದ್ದು ಎಂಬ ಪದ್ಧತಿ ಜಾತಿಯಿಂದ ಜಾತಿಗೆ, ಸೀಮೆಯಿಂದ ಸೀಮೆಗೆ ಬೇರೆ. ಕೆಲವು ಕಡೆ ಮದುವೆ ಪೂರ್ತಿ ಹೆಣ್ಣಿನ ಕಡೆಯವರದ್ದು, ಕೆಲವು ಕಡೆ ರಿಸೆಪ್ಷನ್ ಗಂಡಿನ ಕಡೆಯವರದ್ದು, ಬೀಗರೂಟ ಮತ್ತೆ ಬೇರೆ. ಈಗ ಇಬ್ಬರೂ ದುಡಿಯುವ ಮಕ್ಕಳಾದ್ದರಿಂದ ಅರ್ಧರ್ಧ ಹಂಚಿಕೊಳ್ಳುವ ಮನೆಗಳೂ ಬೇಕಾದಷ್ಟಿವೆ. ನನಗೆ ಕಂಡಂತೆ ಅದೇ ನ್ಯಾಯ. ಏನೇ ಒಪ್ಪಿದರೂ ಬಾಯಿಮಾತಿನಲ್ಲಿ ಬಿಡಬೇಡಿ. ‘ಛತ್ರ ನಾವು, ರಾತ್ರಿ ಊಟ ನೀವು, ವಾಲಗ-ಫೋಟೋ ಅರ್ಧರ್ಧ’ ಎಂದು ಎರಡೂ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಡಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮದುವೆ ದಿನ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು ‘ಅದು ನಿಮ್ಮದಲ್ಲವೇ’ ಎನ್ನುವುದು ತಪ್ಪುತ್ತದೆ.

ಈ ಮಾತುಕತೆಯಲ್ಲಿ ‘ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ’ ಎಂಬ ರಾಗ ಎದ್ದರೆ ಅಲ್ಲೇ ನಿಲ್ಲಿಸಿ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಬಜೆಟ್ಟಿನಲ್ಲಿ ಜಾಗವೇ ಇರಬಾರದು.

3. ಹೆಸರಿನ ಪಟ್ಟಿಯಲ್ಲ, ಎಲೆಯ ಲೆಕ್ಕ

ಮದುವೆಯ ಖರ್ಚನ್ನೆಲ್ಲ ಆಡಿಸುವುದು ಎಲೆಗಳ ಸಂಖ್ಯೆ. ಆದ್ದರಿಂದ ‘ಐನೂರು ಜನ’ ಎಂದು ಅಂದಾಜು ಹೇಳದೆ ಮನೆಮನೆಗೆ ಒಂದು ಸಾಲು ಬರೆಯಿರಿ. ಪಕ್ಕದಲ್ಲಿ ಮೂರು ಕಾಲಂ ಇರಲಿ: ರಿಸೆಪ್ಷನ್ ರಾತ್ರಿ, ಬೆಳಗಿನ ತಿಂಡಿ, ಮುಹೂರ್ತದ ಊಟ. ಪ್ರತಿ ಕಾಲಂನಲ್ಲಿ ಆ ಮನೆಯಿಂದ ಎಷ್ಟು ಜನ ಬರುತ್ತಾರೆ ಎಂದು ತುಂಬಿ. ಸೋದರತ್ತೆಯ ಮನೆಯ ಆರು ಜನ ಮೂರೂ ಹೊತ್ತು ಇರುತ್ತಾರೆ. ಆಫೀಸಿನವರು ರಾತ್ರಿಗೆ ಮಾತ್ರ, ಅದೂ ಒಬ್ಬೊಬ್ಬರೇ. ಹಳೆಯ ಬಡಾವಣೆಯ ನೆರೆಹೊರೆಯವರು ಮುಹೂರ್ತಕ್ಕೆ ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋಗುತ್ತಾರೆ. ಊರಿನಿಂದ ಬಸ್ಸಿನಲ್ಲಿ ಬರುವವರು ಹಿಂದಿನ ಸಂಜೆಯಿಂದಲೇ ನಿಮ್ಮ ಲೆಕ್ಕ.

ನಮ್ಮ ಕಡೆ ಮುಹೂರ್ತದ ಹಿಂದಿನ ಸಂಜೆ ವರಪೂಜೆ, ರಿಸೆಪ್ಷನ್ ಇಟ್ಟುಕೊಳ್ಳುವುದು ರೂಢಿ. ಜನ ಹೆಚ್ಚು ಸೇರುವುದು ಆಗಲೇ. ಹಣ ಉಳಿಸುವ ಜಾಗವೂ ಅದೇ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮಗೆ ಸಿಕ್ಕ ಕೊಟೇಶನ್ ಅಲ್ಲಿ ಹಾಕಿಕೊಳ್ಳಿ. ಮುಟ್ಟಬಾರದ್ದನ್ನು ಕಳೆದ ಮೇಲೆ ಕೈಯಲ್ಲಿ 15 ಲಕ್ಷ ಇದೆ. ಒಂದೂವರೆ ಲಕ್ಷ ಅನಿರೀಕ್ಷಿತಕ್ಕೆ ಹೋಯಿತು. ಚಿನ್ನಕ್ಕೆ 4 ಲಕ್ಷ. ಉಳಿದದ್ದು 9.5 ಲಕ್ಷ. ರಾತ್ರಿ 450 ಊಟ ತಲಾ 550 ರೂ. ಎಂದರೆ 2,47,500. ಬೆಳಗ್ಗೆ 200 ತಿಂಡಿ ತಲಾ 180ರಂತೆ 36,000. ಮಧ್ಯಾಹ್ನ 350 ಎಲೆ ತಲಾ 450ರಂತೆ 1,57,500. ಕೂಡಿದರೆ 4,41,000, ಶೇ. 5 ಜಿಎಸ್‌ಟಿ ಸೇರಿ 4,63,050. ಛತ್ರ 2 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ, ಕರೆಂಟು, ಕ್ಲೀನಿಂಗ್, ಗ್ಯಾಸ್ ಎಲ್ಲ ಸೇರಿ 2,71,000. ಈಗ ಉಳಿದಿರುವುದು 2,15,950. ಇಷ್ಟರಲ್ಲೇ ಬಟ್ಟೆ, ಫೋಟೋ, ಅಲಂಕಾರ, ವಾಲಗ, ಪುರೋಹಿತರ ದಕ್ಷಿಣೆ, ಪತ್ರಿಕೆ, ತಾಂಬೂಲ, ವಾಹನ ಎಲ್ಲ ಆಗಬೇಕು.

ಎಷ್ಟು ಬಿಗಿ ನೋಡಿದಿರಾ? ಈಗ ರಾತ್ರಿಯ 450 ಜನರನ್ನು 350ಕ್ಕೆ ಇಳಿಸಿ. ಊಟದಲ್ಲೇ 57,750 ಉಳಿಯಿತು. ತಾಂಬೂಲದ ಚೀಲ ತಲಾ 60 ಎಂದರೆ ಇನ್ನೊಂದು 6,000. ಛತ್ರವೂ ಸಣ್ಣದು ಸಾಕಾದೀತು. ಹೂವಿನವರ ಹತ್ತಿರ ಗಂಟೆಗಟ್ಟಲೆ ಚೌಕಾಸಿ ಮಾಡಿದರೂ ಇಷ್ಟು ಉಳಿಯುವುದಿಲ್ಲ.

ಯಾರನ್ನು ಬಿಡುವುದು ಎನ್ನುವುದೇ ಸಂಕಟ. ಒಂದು ಸಲಹೆ: ಕಳೆದ ಎರಡು-ಮೂರು ವರ್ಷದಲ್ಲಿ ಹುಡುಗ ಅಥವಾ ಹುಡುಗಿ ಒಮ್ಮೆಯೂ ಮಾತಾಡಿಸದ, ಅವರನ್ನು ಹೆಸರು ಹಿಡಿದು ಗುರುತಿಸದ ಮನೆಗಳ ಮುಂದೆ ಒಂದು ಚುಕ್ಕಿ ಇಡಿ. ಚುಕ್ಕಿ ಇಟ್ಟವರಿಗೆಲ್ಲ ಫೋನಿನಲ್ಲಿ ವಿಷಯ ತಿಳಿಸಿ, ಮದುವೆಯಾದ ಮೇಲೆ ಜೋಡಿಯನ್ನು ಕರೆದುಕೊಂಡು ಹೋಗಿ ಆಶೀರ್ವಾದ ಪಡೆಯಿರಿ. ಹಿರಿಯರು ನೊಂದುಕೊಳ್ಳುವುದು ಊಟ ತಪ್ಪಿತೆಂದಲ್ಲ, ತಮ್ಮನ್ನು ಮರೆತರು ಎಂದು. ಮನೆಗೇ ಬಂದು ಕಾಲಿಗೆರಗಿದ ಜೋಡಿಯನ್ನು ಯಾರೂ ಬೈಯುವುದಿಲ್ಲ.

4. ದಿನ ಆರಿಸುವುದರಲ್ಲೂ ದುಡ್ಡಿದೆ

ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕಮಾಸಗಳನ್ನು ಹೆಚ್ಚಿನವರು ಬಿಡುವುದರಿಂದ ಉಳಿದ ತಿಂಗಳುಗಳ ಮುಹೂರ್ತಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. 2026ರಂಥ ವರ್ಷದಲ್ಲಿ ಅಧಿಕ ಜ್ಯೇಷ್ಠ ಬಂದು ಮೇ 17ರಿಂದ ಜೂನ್ 15ರವರೆಗೆ ಮದುವೆಗಳು ನಿಂತರೆ ಅದರ ಹಿಂದು-ಮುಂದಿನ ದಿನಗಳಿಗೆ ಇನ್ನೂ ಒತ್ತಡ. ಪುರೋಹಿತರ ಹತ್ತಿರ ಒಂದೇ ಮುಹೂರ್ತ ಕೇಳಬೇಡಿ, ನಾಲ್ಕೈದು ಕೇಳಿ. ಅದರಲ್ಲಿ ಬುಧವಾರ, ಗುರುವಾರದ ಮುಹೂರ್ತ ಇದ್ದರೆ ಛತ್ರದವರ ಹತ್ತಿರ, ಫೋಟೋದವರ ಹತ್ತಿರ ಮಾತಾಡಲು ಬಾಯಿ ಬರುತ್ತದೆ. ಶನಿವಾರ ರಾತ್ರಿ ರಿಸೆಪ್ಷನ್, ಭಾನುವಾರ ಮುಹೂರ್ತ ಎಂದರೆ ಅವರು ಹೇಳಿದ್ದೇ ದರ. ಹೂವಿನ ಬೆಲೆಯನ್ನೂ ನೆನಪಿಡಿ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆಯ ಆಸುಪಾಸಿನಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ದರ ಏರುತ್ತದೆ, ಅದು ಅಲಂಕಾರದವರ ಬಿಲ್ಲಿಗೂ ಬರುತ್ತದೆ.

5. ಛತ್ರ: ಬಾಡಿಗೆ ಎಂದರೆ ಬಾಡಿಗೆ ಮಾತ್ರ ಅಲ್ಲ

ಎಲೆ ಲೆಕ್ಕ, ನಾಲ್ಕೈದು ದಿನಾಂಕ, ಕೊಡಬಹುದಾದ ಗರಿಷ್ಠ ಮೊತ್ತ, ಈ ಮೂರನ್ನು ಕೈಯಲ್ಲಿ ಹಿಡಿದು ಈಗ ಛತ್ರ ನೋಡಲು ಹೊರಡಿ. ಅರಮನೆ ಮೈದಾನದ ಕಡೆಯ ದೊಡ್ಡ ಜಾಗಗಳು, ದೇವನಹಳ್ಳಿ ರಸ್ತೆಯ ಕನ್ವೆನ್ಷನ್ ಹಾಲ್‌ಗಳು ಬೇರೆಯದೇ ಲೋಕ. ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರ, ವಿಜಯನಗರದಲ್ಲಿ ಸಂಘ-ಸಂಸ್ಥೆಗಳು, ಮಠಗಳು, ಟ್ರಸ್ಟ್‌ಗಳು ನಡೆಸುವ ಹಳೆಯ ಕಲ್ಯಾಣ ಮಂಟಪಗಳನ್ನು ಮೊದಲು ವಿಚಾರಿಸಿ. ಹೊಳಪು ಕಡಿಮೆ ಇರಬಹುದು, ಆದರೆ ಅಡುಗೆಮನೆ, ಪಂಕ್ತಿ ಊಟದ ಹಾಲ್, ಉಳಿಯಲು ಕೋಣೆ ಎಲ್ಲ ಮದುವೆಗೆಂದೇ ಕಟ್ಟಿದ್ದು. ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ವೈಟ್‌ಫೀಲ್ಡ್‌ನಿಂದ ಕೆಲಸ ಮುಗಿಸಿ ಬರುವವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂಬತ್ತೂವರೆಗೆ ತಲುಪುವುದು ತಪ್ಪುತ್ತದೆ, ಪಾರ್ಕಿಂಗಿಗೆ ಆಳು ನಿಲ್ಲಿಸುವ ಖರ್ಚೂ ಇಳಿಯುತ್ತದೆ.

ಮ್ಯಾನೇಜರ್ ಹೇಳುವ ಬಾಡಿಗೆ ಆರಂಭ ಮಾತ್ರ. ಮುಂಗಡ ಕೊಡುವ ಮೊದಲು ಇವನ್ನು ಕೇಳಿ, ಉತ್ತರವನ್ನು ರಸೀದಿಯ ಹಿಂದೆಯಾದರೂ ಬರೆಸಿಕೊಳ್ಳಿ:

- ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ? ತಡವಾದರೆ ಗಂಟೆಗೆ ಎಷ್ಟು?
- ಜಿಎಸ್‌ಟಿ ಸೇರಿದೆಯೋ ಇಲ್ಲವೋ?
- ಕರೆಂಟು ಮೀಟರಿನ ಪ್ರಕಾರವೋ, ಒಟ್ಟಿಗೆ ಇಷ್ಟು ಎಂದೋ? ಜನರೇಟರ್ ಡೀಸೆಲ್ ಯಾರದ್ದು?
- ನೀರು ಸಾಲದಿದ್ದರೆ ಟ್ಯಾಂಕರ್ ದುಡ್ಡು ಯಾರು ಕೊಡಬೇಕು? ಬೇಸಿಗೆಯ ಮದುವೆಗೆ ಇದು ಮುಖ್ಯ.
- ಪಾತ್ರೆ, ಗ್ಯಾಸ್ ಸಿಲಿಂಡರ್, ಕ್ಲೀನಿಂಗ್, ಕಸ ವಿಲೇವಾರಿ, ಸೆಕ್ಯುರಿಟಿ?
- ಅಡುಗೆಯವರು, ಅಲಂಕಾರದವರು ಹೊರಗಿನವರಾಗಬಹುದೇ, ಅಥವಾ ಛತ್ರದವರು ಹೇಳಿದವರೇ ಆಗಬೇಕೇ? ಹೊರಗಿನವರಿಗೆ ಹೆಚ್ಚುವರಿ ಶುಲ್ಕ ಉಂಟೇ?
- ದಿನಾಂಕ ಬದಲಾದರೆ, ಮದುವೆ ಮುಂದಕ್ಕೆ ಹೋದರೆ ಮುಂಗಡದಲ್ಲಿ ಎಷ್ಟು ವಾಪಸ್?

ಹೊರಗಿನವರಿಗೆ ಪ್ರವೇಶವಿದೆಯೇ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಡಿಗೆ ಕಡಿಮೆ ಹೇಳಿ, ಅಲಂಕಾರ ಮತ್ತು ಊಟದಲ್ಲಿ ಆ ಹಣ ತೆಗೆಯುವ ಜಾಗಗಳಿವೆ. ಎರಡು ಛತ್ರಗಳನ್ನು ಹೋಲಿಸುವಾಗ ಬಾಡಿಗೆಗೆ ಬಾಡಿಗೆ ಹೋಲಿಸದೆ, ಇವೆಲ್ಲ ಸೇರಿದ ಒಟ್ಟು ಮೊತ್ತವನ್ನೇ ಹೋಲಿಸಿ. ರಾತ್ರಿ ಡಿಜೆ ಅಥವಾ ಆರ್ಕೆಸ್ಟ್ರಾ ಯೋಚನೆ ಇದ್ದರೆ, ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಏಳೂವರೆಗೆ ಶುರುವಾಗುವ ರಿಸೆಪ್ಷನ್‌ಗೆ ಅಷ್ಟು ದುಡ್ಡು ಸುರಿದು ಸಿಗುವುದು ಎರಡೂವರೆ ಗಂಟೆ ಮಾತ್ರ.

6. ಊಟ: ಇಲ್ಲಿ ಜಿಪುಣತನ ಬೇಡ, ಹುಷಾರು ಬೇಕು

ಕನ್ನಡಿಗರ ಮದುವೆಯಲ್ಲಿ ವೇದಿಕೆ ಹೇಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ, ಹೋಳಿಗೆ ಹೇಗಿತ್ತೆಂದು ಇಪ್ಪತ್ತು ವರ್ಷವಾದರೂ ಹೇಳುತ್ತಾರೆ. ಆದ್ದರಿಂದ ಐಟಂ ಕಡಿಮೆ ಮಾಡಿ, ರುಚಿ ಕಡಿಮೆ ಮಾಡಬೇಡಿ. ಮುಹೂರ್ತದ ಊಟಕ್ಕೆ ಎರಡು ಕೋಸಂಬರಿ, ಎರಡು ಪಲ್ಯ, ಒಂದು ಗೊಜ್ಜು, ಚಿತ್ರಾನ್ನ ಅಥವಾ ಪುಳಿಯೋಗರೆ, ಬಿಸಿ ಹೋಳಿಗೆ ತುಪ್ಪ, ಹುಳಿ, ಸಾರು, ಪಾಯಸ, ಬೋಂಡ, ಹಪ್ಪಳ, ಮೊಸರು ಇದ್ದರೆ ಎಲೆ ತುಂಬುತ್ತದೆ. ಹೋಳಿಗೆಯ ಜೊತೆ ಚಿರೋಟಿ, ಅದರ ಜೊತೆ ಜಹಾಂಗೀರ್ ಎಂದು ಬಡಿಸಿದರೆ ಅರ್ಧ ಎಲೆಯಲ್ಲೇ ಉಳಿಯುತ್ತದೆ. ಉಳಿದದ್ದಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ. ರಾತ್ರಿಯ ಬಫೆಯಲ್ಲೂ ಚಾಟ್, ಪಾಸ್ತಾ, ದೋಸೆ ಎಂದು ಎಂಟು ಕೌಂಟರ್ ಬದಲು ಬಿಸಿ ದೋಸೆಯ ಒಂದು ಕೌಂಟರ್ ಚೆನ್ನಾಗಿ ನಡೆಯಲಿ.

ಅಡುಗೆಯವರೊಂದಿಗೆ ಎರಡು ರೀತಿಯ ಒಪ್ಪಂದವಿದೆ. ಒಂದು, ಎಲೆಗೆ ಇಷ್ಟು ಎಂದು ಪೂರ್ತಿ ಕಾಂಟ್ರ್ಯಾಕ್ಟ್. ಇನ್ನೊಂದು, ಅವರು ಸಾಮಾನು ಪಟ್ಟಿ ಕೊಡುತ್ತಾರೆ, ದಿನಸಿ-ತರಕಾರಿ ನೀವು ತರುತ್ತೀರಿ, ಅವರಿಗೆ ಕೂಲಿ ಮಾತ್ರ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ದಿನಸಿ, ಕಲಾಸಿಪಾಳ್ಯದಲ್ಲಿ ತರಕಾರಿ ತಂದು ಮಾಡಿದರೆ ಎರಡನೆಯದು ಅಗ್ಗವಾಗಬಹುದು. ಆದರೆ ಮನೆಯಲ್ಲಿ ಎರಡು ದಿನ ಅದಕ್ಕೇ ನಿಲ್ಲುವ, ಅಡುಗೆಯ ಅಂದಾಜು ಗೊತ್ತಿರುವ ಒಬ್ಬರು ಇರಬೇಕು. ಅಂಥ ಚಿಕ್ಕಪ್ಪನೋ ಸೋದರಮಾವನೋ ಇಲ್ಲದಿದ್ದರೆ ಪೂರ್ತಿ ಕಾಂಟ್ರ್ಯಾಕ್ಟೇ ವಾಸಿ. ಇಬ್ಬರು ಅಡುಗೆಯವರನ್ನಾದರೂ ಅವರು ಮಾಡುತ್ತಿರುವ ಬೇರೆ ಮದುವೆಯಲ್ಲೇ ಹೋಗಿ ನೋಡಿ. ಮೊದಲ ಪಂಕ್ತಿಗಿಂತ ಮೂರನೆಯ ಪಂಕ್ತಿಗೆ ಹೇಗೆ ಬಡಿಸುತ್ತಾರೆ ಎಂಬುದನ್ನು ಗಮನಿಸಿ.

ಒಪ್ಪಂದದಲ್ಲಿ ಕನಿಷ್ಠ ಎಲೆಗಳ ಸಂಖ್ಯೆ ಇರುತ್ತದೆ. 350 ಎಂದು ಒಪ್ಪಿ 290 ಜನ ಬಂದರೂ 350ಕ್ಕೆ ಕೊಡಬೇಕು. ಆದ್ದರಿಂದ ನಿಮ್ಮ ಅಂದಾಜಿಗಿಂತ ಸ್ವಲ್ಪ ಕಡಿಮೆಯನ್ನೇ ಕನಿಷ್ಠ ಎಂದು ಒಪ್ಪಿ, ಅದರ ಮೇಲೆ ಎಷ್ಟು ಜನ ಬಂದರೂ ನಿಭಾಯಿಸಬಲ್ಲಿರಾ, ಅದಕ್ಕೂ ಅದೇ ದರವೇ ಎಂದು ಕೇಳಿ.

ಎಲೆ ಎಣಿಸುವುದು ಹೇಗೆ ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ಊಟ ಶುರುವಾಗುವ ಮೊದಲು ನಿಮ್ಮ ಕಡೆಯ ಒಬ್ಬರು ಅಡುಗೆಯವರ ಮೇಸ್ತ್ರಿಯ ಜೊತೆ ನಿಂತು ಎಲೆಯ ಕಟ್ಟುಗಳನ್ನು ಎಣಿಸಲಿ. ಕಟ್ಟಿಗೆ ಎಷ್ಟು ಎಲೆ ಎಂದು ಒಂದನ್ನು ಬಿಚ್ಚಿ ನೋಡಲಿ. ಕೊನೆಯ ಪಂಕ್ತಿ ಎದ್ದ ಮೇಲೆ ಮಿಕ್ಕ ಕಟ್ಟುಗಳನ್ನು ಎಣಿಸಿ ಕಳೆದರೆ ಬಳಸಿದ್ದು ಸಿಕ್ಕಿತು. ಹರಿದ ಎಲೆ, ಎರಡೆರಡು ಹಾಕಿದ ಎಲೆಗೆ ಇಷ್ಟು ಎಂದು ಬಿಡಿ. ಇನ್ನೊಂದು ಲೆಕ್ಕ ಪಂಕ್ತಿಯದ್ದು. ಒಂದು ಪಂಕ್ತಿಗೆ 100 ಜನ ಕೂರುವ ಹಾಲ್ ಆದರೆ ಮೂರು ಪಂಕ್ತಿ ತುಂಬಿತು, ನಾಲ್ಕನೆಯದರಲ್ಲಿ ಇಷ್ಟು ಖಾಲಿ ಇತ್ತು ಎಂದು ಬರೆದುಕೊಳ್ಳುತ್ತಾ ಹೋಗಲಿ. ಎರಡೂ ಲೆಕ್ಕ ಹತ್ತಿರ ಬಂದರೆ ಮಾತಿಲ್ಲದೆ ಸಹಿ ಹಾಕಬಹುದು. ಬಡಿಸುವವರು, ಫೋಟೋದವರು, ವಾಲಗದವರು, ಡ್ರೈವರ್‌ಗಳ ಊಟ ಎಣಿಕೆಗೆ ಸೇರುತ್ತದೆಯೇ ಎಂಬುದನ್ನೂ ಮೊದಲೇ ಮಾತಾಡಿ. ಅವರೆಲ್ಲರಿಗೂ ಹೊಟ್ಟೆ ತುಂಬ ಊಟ ಸಿಗುವುದು ನಿಮ್ಮ ಜವಾಬ್ದಾರಿ. ದುಡ್ಡು ಉಳಿಸುವ ಜಾಗ ಅದಲ್ಲ.

ಲೆಕ್ಕ ಕೂಡಿಬರದಿದ್ದರೆ

ಇಷ್ಟೆಲ್ಲ ಮಾಡಿಯೂ ಬಜೆಟ್ ಮೀರಿದರೆ ಅಲ್ಲಲ್ಲಿ ಕತ್ತರಿಸಬೇಡಿ, ಮದುವೆಯ ಸ್ವರೂಪವನ್ನೇ ಬದಲಿಸಿ. ದೇವಸ್ಥಾನದಲ್ಲಿ ಅಥವಾ ಮನೆಯ ಚಪ್ಪರದಲ್ಲಿ 80 ಜನರ ಮುಂದೆ ಮುಹೂರ್ತ, ಸಂಜೆ ಸಣ್ಣ ಹಾಲ್‌ನಲ್ಲಿ 200 ಜನಕ್ಕೆ ಊಟ ಇಟ್ಟುಕೊಳ್ಳಬಹುದು. ಊರಿನಲ್ಲಿ ಮದುವೆ, ಬೆಂಗಳೂರಿನಲ್ಲಿ ರಿಸೆಪ್ಷನ್ ಮಾಡಬಹುದು, ಆದರೆ ಬಸ್ಸಿನ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸುಗಳು ಒಪ್ಪಂದದ ಮೇಲೆ ಸಿಗುತ್ತವೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ದಾರಿಯೂ ನಮ್ಮಲ್ಲಿದೆ. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ನಡೆದದ್ದು ಹಾಗೆಯೇ. ಆಡಂಬರವಿಲ್ಲದ ಮದುವೆಗೆ ಕನ್ನಡನಾಡಿನಲ್ಲಿ ಇದಕ್ಕಿಂತ ಗೌರವದ ಮಾದರಿ ಬೇಕೇ?

7. ಚಿನ್ನ ಮತ್ತು ಬಟ್ಟೆ

ಚಿನ್ನದ ಅಂಗಡಿಯಲ್ಲಿ ಗ್ರಾಂ ದರಕ್ಕಿಂತ ಮಜೂರಿ ಮತ್ತು ವೇಸ್ಟೇಜ್ (ಒಡವೆ ಮಾಡುವಾಗ ಸವೆಯುವ ಚಿನ್ನಕ್ಕೆಂದು ಹಾಕುವ ಹಣ) ಕೇಳಿ. ದರ ಎಲ್ಲ ಕಡೆ ಹೆಚ್ಚು-ಕಡಿಮೆ ಒಂದೇ, ವ್ಯತ್ಯಾಸ ಇರುವುದು ಅಲ್ಲಿ. ಸೂಕ್ಷ್ಮ ಕೆತ್ತನೆಯ ನೆಕ್ಲೇಸಿಗೆ ವೇಸ್ಟೇಜ್ ಹೆಚ್ಚು, ಸಾದಾ ಸರ, ಬಳೆಗೆ ಕಡಿಮೆ. ಕಲ್ಲಿನ ಒಡವೆಯಾದರೆ ಕಲ್ಲಿನ ತೂಕ ಕಳೆದು ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿ. 22 ಕ್ಯಾರೆಟ್‌ಗೆ 916 ಗುರುತು, ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಬೇಕು. ಏಪ್ರಿಲ್ 2023ರಿಂದ ಇದು ಕಡ್ಡಾಯ, ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ಪರೀಕ್ಷಿಸಬಹುದು. ಬಿಲ್ಲಿಗೆ ಶೇ. 3 ಜಿಎಸ್‌ಟಿ ಸೇರುತ್ತದೆ. ಬೀರುವಿನಲ್ಲಿರುವ ಅಜ್ಜಿಯ ಒಡವೆಯನ್ನು ಪಾಲಿಶ್ ಮಾಡಿಸಿ ಹಾಗೆಯೇ ತೊಡಿಸುವುದು ಎಲ್ಲಕ್ಕಿಂತ ಮೇಲು. ಕರಗಿಸಿದರೆ ತೂಕದಲ್ಲಿ ಒಂದಷ್ಟು ಹೋಗುತ್ತದೆ, ಹೊಸದಕ್ಕೆ ಮತ್ತೆ ಮಜೂರಿ.

ಧಾರೆ ಸೀರೆ ಒಂದಕ್ಕೆ ಮನಸ್ಸು ತೃಪ್ತಿಯಾಗುವಷ್ಟು ಖರ್ಚು ಮಾಡಿ. ಕೊಡುಗೆಯ ಸೀರೆಗಳನ್ನು ಚಿಕ್ಕಪೇಟೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಿ. ಕೊಡುಗೆ ಯಾರಿಗೆಲ್ಲ ಎಂಬ ಪಟ್ಟಿ ಕೈಯಲ್ಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಬ್ಲೌಸ್ ಹೊಲಿಗೆ ಮತ್ತು ಕಸೂತಿ ಎಷ್ಟೋ ಸಲ ಸೀರೆಯ ಬೆಲೆಯನ್ನೇ ಮುಟ್ಟುತ್ತದೆ, ಅದಕ್ಕೆ ಬೇರೆ ಸಾಲು ಬರೆಯಿರಿ. ರಿಸೆಪ್ಷನ್ನಿಗೆ ಒಂದೇ ಸಂಜೆ ಹಾಕುವ ಲೆಹೆಂಗಾ, ಶೇರ್ವಾನಿಗಳು ಬಾಡಿಗೆಗೆ ಸಿಗುತ್ತವೆ.

8. ಉಳಿದವು

ಪತ್ರಿಕೆ: ಸುಲ್ತಾನ್‌ಪೇಟೆಯಲ್ಲಿ ಹಿರಿಯರಿಗೆ ಕೊಡುವಷ್ಟು ಮಾತ್ರ ಅಚ್ಚು ಹಾಕಿಸಿ, ಮಿಕ್ಕವರಿಗೆ ವಾಟ್ಸಾಪ್ ಸಾಕು. ಫೋಟೋ: ಎಷ್ಟು ಜನ ಬರುತ್ತಾರೆ, ಎಷ್ಟು ಗಂಟೆ, ಆಲ್ಬಮ್ ಸೇರಿದೆಯೇ, ಎಂದು ಕೊಡುತ್ತಾರೆ ಎಂದು ಬರೆಸಿಕೊಳ್ಳಿ. ಡ್ರೋನ್ ಬಿಡಬಹುದು. ಅಲಂಕಾರ: ರಾತ್ರಿಯ ವೇದಿಕೆಯ ಹೂವನ್ನೇ ಬೆಳಗಿನ ಮಂಟಪಕ್ಕೂ ಬಳಸುವ ಹಾಗೆ ವಿನ್ಯಾಸ ಕೇಳಿ. ವಾಲಗ: ಇದನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಗಟ್ಟಿಮೇಳಕ್ಕೆ ಸ್ಪೀಕರಿನ ರೆಕಾರ್ಡ್ ಹಾಕಿದ ಮದುವೆಯಲ್ಲಿ ಏನೋ ಕಳೆದುಹೋದಂತಿರುತ್ತದೆ.

9. ಹಣ ಕೊಡುವ ಕ್ರಮ

ಎಲ್ಲ ಪಾವತಿಗೂ ಒಂದೇ ಬ್ಯಾಂಕ್ ಖಾತೆ, ಒಬ್ಬರದೇ ಕೈ. ಪ್ರತಿಯೊಬ್ಬರಿಗೂ ಮೂರು ಕಂತು ಗೊತ್ತು ಮಾಡಿ: ಮುಂಗಡ, ಮದುವೆಗೆ ಒಂದು ವಾರ ಮೊದಲು, ಕೆಲಸ ಮುಗಿದ ಮೇಲೆ. ಕೊನೆಯ ಕಂತು ಸಣ್ಣದಾಗಿರಬಾರದು. ಕೆಲಸ ಮುಗಿಯುವ ಮೊದಲೇ ಪೂರ್ತಿ ಕೊಟ್ಟವರ ಆಲ್ಬಮ್ ತಿಂಗಳಾನುಗಟ್ಟಲೆ ಬರುವುದಿಲ್ಲ. ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ದಂಡ ಬೀಳುವುದು ಪಡೆದವರಿಗೆ. ಹಾಗಾಗಿ ‘ಬಿಲ್ಲಿಲ್ಲದೆ ಕ್ಯಾಶ್ ಕೊಟ್ಟರೆ ಕಡಿಮೆ ಮಾಡುತ್ತೇವೆ’ ಎನ್ನುವ ಮಾತಿಗೆ ಒಪ್ಪಬೇಡಿ. ಬಿಲ್ಲಿಲ್ಲದಿದ್ದರೆ ನಾಳೆ ಜಗಳವಾದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

10. ಮದುವೆಯ ದಿನ ಮತ್ತು ಆಮೇಲೆ

ಛತ್ರದ ಬೀಗ ತೆಗೆದ ಕೂಡಲೇ ಕರೆಂಟ್ ಮೀಟರಿನ ಫೋಟೋ ತೆಗೆಯಿರಿ, ಬಿಡುವಾಗ ಇನ್ನೊಂದು. ಪಾತ್ರೆಗಳನ್ನು ಎಣಿಸಿ ಪಡೆಯಿರಿ, ಎಣಿಸಿ ಒಪ್ಪಿಸಿ. ಡಿಪಾಸಿಟ್ ವಾಪಸ್ ಬರುವಾಗ ಈ ಎರಡರಲ್ಲೇ ಕಡಿತವಾಗುವುದು. ಹೆಣ್ಣು-ಗಂಡಿನ ತಂದೆ-ತಾಯಿ ಅಂದು ಯಾರ ಹತ್ತಿರವೂ ದುಡ್ಡಿನ ಮಾತಾಡಬಾರದು. ಲಕೋಟೆಗಳಲ್ಲಿ ಹೆಸರು ಬರೆದು ಬಾಕಿ ಹಣವನ್ನು ಹಿಂದಿನ ದಿನವೇ ನಂಬಿಕೆಯ ಒಬ್ಬರಿಗೆ ಒಪ್ಪಿಸಿ, ಪುರೋಹಿತರಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಅವರೇ ಕೊಡಲಿ.

ಮುಯ್ಯಿ ಬರೆಯುವ ಪುಸ್ತಕವನ್ನು ಜೋಪಾನವಾಗಿಡಿ. ಮದುವೆಯ ಸಂದರ್ಭದಲ್ಲಿ ವಧು-ವರರಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಆ ವಿನಾಯಿತಿ ಅವರಿಗೆ ಮಾತ್ರ, ತಂದೆ-ತಾಯಿಗಲ್ಲ. ಆದ್ದರಿಂದ ದೊಡ್ಡ ಮೊತ್ತಗಳು ಮಕ್ಕಳ ಖಾತೆಗೇ ಹೋಗಲಿ. ವಿವಾಹ ನೋಂದಣಿಯನ್ನು ಮುಂದೂಡಬೇಡಿ, ಕಾವೇರಿ 2.0 ಪೋರ್ಟಲ್‌ನಲ್ಲಿ ಹಿಂದೂ ವಿವಾಹಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅದಕ್ಕಾಗಿ ಲಗ್ನಪತ್ರಿಕೆಯ ಒಂದು ಪ್ರತಿ, ತಾಳಿ ಕಟ್ಟುವಾಗಿನ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆಗಳನ್ನು ಬಿಲ್ಲುಗಳಿರುವ ಫೈಲಿನಲ್ಲೇ ಇಟ್ಟಿರಿ.